ಸವೆದದ್ದನ್ನು ಬದಲಿಸಿ, ಹಳತನ್ನಲ್ಲ

ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಕೊಳ್ಳಲು ಹೊರಟವರಿಗೆ ಸಿಗುವ ಉಪದೇಶ ಹೆಚ್ಚುಕಡಿಮೆ ಒಂದೇ. ಫ್ರೇಮ್ ಚೆನ್ನಾಗಿದ್ದರೆ ಸಾಕು, ತಗೊಂಡುಬಿಡಿ; ಗೇರು, ಬ್ರೇಕು, ಕ್ರ್ಯಾಂಕು ಎಲ್ಲ ಹಳೇ ಕಾಲದ್ದು, ಬಿಚ್ಚಿ ಪಕ್ಕಕ್ಕಿಟ್ಟು ಹೊಸ ಗ್ರೂಪ್‌ಸೆಟ್ ಹಾಕಿಸಿ. ಬೆಂಗಳೂರಿನ ಸೈಕಲ್ ಮಳಿಗೆಗಳಲ್ಲಿ ಈ ಮಾತು ಕೇಳುತ್ತದೆ. ಭಾನುವಾರ ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಲು ನಿಂತ ಸವಾರರ ಗುಂಪಿನಲ್ಲೂ ಕೇಳುತ್ತದೆ. ಎಂಟು ಗೇರಿನ ಸೈಕಲ್ ತಂದವನಿಗೆ "ಇದನ್ನ ಹನ್ನೊಂದಕ್ಕೆ ಅಪ್‌ಗ್ರೇಡ್ ಮಾಡಿಸ್ಬಿಡಿ" ಎಂದು ಹೇಳುವುದೇ ತಿಳಿದವರ ಲಕ್ಷಣ ಎಂಬಂತಾಗಿದೆ. ಈ ಉಪದೇಶ ತಪ್ಪು. ಯಂತ್ರದ ಲೆಕ್ಕದಲ್ಲೂ ತಪ್ಪು, ಹಣದ ಲೆಕ್ಕದಲ್ಲೂ ತಪ್ಪು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳ ಮಟ್ಟಿಗಂತೂ ಅದು ಹಾನಿಯನ್ನೇ ಮಾಡುತ್ತಿದೆ.

ಈ ನಾಲ್ಕು ತಾಲ್ಲೂಕುಗಳ ಮಾತನ್ನು ಬೇಕೆಂದೇ ಎತ್ತುತ್ತಿದ್ದೇನೆ. ಬೆಂಗಳೂರಿನ ಸವಾರರು ವಾರದ ಕೊನೆಗೆ ಹುಡುಕಿಕೊಂಡು ಬರುವ ರಸ್ತೆಗಳು ಇಲ್ಲಿವೆ. ತಾವರೆಕೆರೆ ದಾಟಿ ಮಂಚನಬೆಲೆ, ಅಲ್ಲಿಂದ ಸಾವನದುರ್ಗ. ಹಾರೋಹಳ್ಳಿ ಮೇಲೆ ಕನಕಪುರ, ಅಲ್ಲಿಂದ ಸಂಗಮ. ಹಳೇ ಮೈಸೂರು ರಸ್ತೆಯಲ್ಲಿ ಜಾನಪದ ಲೋಕದವರೆಗೆ. ಅವರು ನಾಲ್ಕೈದು ವರ್ಷ ಓಡಿಸಿ ಮಾರುವ ಸೈಕಲ್ಲುಗಳಲ್ಲಿ ಹಲವು ಈ ಕಡೆಗೇ ಇಳಿದುಬರುತ್ತವೆ. ಕೊಳ್ಳುವವರು ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಮಾಡುವ ಹುಡುಗರು, ಕಾಲೇಜು ಓದುವವರು, ಓಟ ಬಿಟ್ಟು ಸೈಕಲ್ ಹಿಡಿದ ಶಾಲಾ ಮೇಷ್ಟ್ರು. ಹದಿನೈದೋ ಇಪ್ಪತ್ತೋ ಸಾವಿರ ಹೊಂದಿಸಿಕೊಂಡು ಬಂದವರಿಗೆ, ಇದರ ಮೇಲೆ ಇನ್ನೊಂದು ಅಷ್ಟೇ ಹಣ ಹಾಕದೆ ಇದು ಓಡುವುದಿಲ್ಲ ಎಂದು ಹೇಳಿದರೆ ಏನಾಗುತ್ತದೆ? ಕೆಲವರು ಸಾಲ ಮಾಡುತ್ತಾರೆ. ಹೆಚ್ಚಿನವರು ಸೈಕಲ್ ಆಸೆಯನ್ನೇ ಬಿಡುತ್ತಾರೆ. ಒಳ್ಳೆಯ ಸೈಕಲ್ಲೊಂದು ಮೂಲೆ ಸೇರುತ್ತದೆ, ಓಡಿಸಬೇಕಾಗಿದ್ದವನು ಮತ್ತೆ ಸ್ಕೂಟರಿನ ಹಿಂದಿನ ಸೀಟು ಹತ್ತುತ್ತಾನೆ.

ಹಳೇ ಕಾಲದ್ದು ಎನ್ನುವುದರ ಅರ್ಥವನ್ನೇ ಮೊದಲು ನೋಡೋಣ. 1984ರಲ್ಲಿ ಜಪಾನಿನ ಶಿಮಾನೊ ಕಂಪನಿಯ ಡ್ಯೂರಾ-ಏಸ್ ಗ್ರೂಪ್‌ಸೆಟ್ಟಿನಲ್ಲಿ ಕ್ಲಿಕ್ಕೆಂದು ಕೂರುವ ಗೇರು ಬಂತು. ಆಗ ಹಿಂದಿನ ಚಕ್ರದಲ್ಲಿ ಹಲ್ಲಿನ ಬಿಲ್ಲೆಗಳು 6. 1990ರ ಹೊತ್ತಿಗೆ ಗೇರು ಬದಲಿಸುವ ಸನ್ನೆ ಬ್ರೇಕ್ ಲಿವರಿನೊಳಗೇ ಸೇರಿತು, ಬಿಲ್ಲೆಗಳು 8 ಆದವು. ಆ ದಶಕದ ಕೊನೆಗೆ 9, 2004ರ ಹೊತ್ತಿಗೆ 10, 2012ರಲ್ಲಿ 11, 2021ರಲ್ಲಿ 12. ಪ್ರತಿ ಸಲ ಬಿಲ್ಲೆ ಹೆಚ್ಚಿದಾಗಲೂ ಅದರ ಹಿಂದಿನದು ಹಳತು ಅನ್ನಿಸಿಕೊಂಡಿತು. ಹಾಗೆ ಅನ್ನಿಸಿಕೊಂಡ ದಿನ ಅದರಲ್ಲಿ ಏನೂ ಕೆಟ್ಟಿರಲಿಲ್ಲ. ನಿನ್ನೆ ಹೇಗೆ ಓಡುತ್ತಿತ್ತೋ ಇಂದೂ ಹಾಗೆಯೇ ಓಡುತ್ತಿತ್ತು. ಅದೇ ಶಿಮಾನೊ ಕಂಪನಿ 8 ಬಿಲ್ಲೆಯ ಕ್ಲಾರಿಸ್ ಗ್ರೂಪ್‌ಸೆಟ್ಟಿನ ಹೊಸ ಆವೃತ್ತಿಯನ್ನು 2017ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ತಯಾರಿಸುವವನೇ ಕೈಬಿಡದ ಎಂಟು ಬಿಲ್ಲೆಯನ್ನು ನಾವು ಗುಜರಿ ಎಂದು ಕರೆಯುವುದು ಯಾವ ನ್ಯಾಯ?

ಹೊಸ ಗ್ರೂಪ್‌ಸೆಟ್ ಹಾಕಿದರೆ ಸೈಕಲ್ ವೇಗವಾಗಿ ಓಡುತ್ತದೆ ಎನ್ನುವುದು ಎರಡನೆಯ ವಾದ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ತಂಡ 1999ರಲ್ಲಿ ಸೈಕಲ್ ಚೈನಿನ ದಕ್ಷತೆಯನ್ನು ಅಳೆದಾಗ, ಸರಿಯಾದ ಬಿಗುವಿನಲ್ಲಿ ಅದು ತುಳಿತದ ಶಕ್ತಿಯಲ್ಲಿ ಶೇಕಡಾ 98.6ರವರೆಗೆ ಚಕ್ರಕ್ಕೆ ತಲುಪಿಸುವುದು ಕಂಡುಬಂತು. ಅದು ಕಾಲು ಶತಮಾನದ ಹಿಂದಿನ ಚೈನು. ಉಳಿದದ್ದು ನೂರಕ್ಕೆ ಒಂದೂವರೆಯೂ ಇಲ್ಲ. ಎಷ್ಟೇ ದುಬಾರಿ ಗ್ರೂಪ್‌ಸೆಟ್ ತಂದರೂ ಅಷ್ಟರೊಳಗೇ ಹೆಣಗಾಡಬೇಕು. ತೂಕದ ಮಾತೂ ಅಷ್ಟೇ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕೆಜಿ ಅಂದುಕೊಳ್ಳಿ. ಹೊಸ ಭಾಗಗಳಿಂದ ಅರ್ಧ ಕೆಜಿ ಇಳಿದರೆ ಉಳಿತಾಯ ನೂರಕ್ಕೆ ಮುಕ್ಕಾಲೂ ಆಗುವುದಿಲ್ಲ. ಇಪ್ಪತ್ತು ನಿಮಿಷದ ಏರಿನಲ್ಲಿ ಅದರಿಂದ ಸಿಗುವುದು ಏಳೆಂಟು ಸೆಕೆಂಡು. ಪಂದ್ಯ ಗೆಲ್ಲುವವರಿಗೆ ಆ ಸೆಕೆಂಡು ದೊಡ್ಡದು, ಒಪ್ಪುತ್ತೇನೆ. ಮಾಗಡಿಯಿಂದ ಸಾವನದುರ್ಗಕ್ಕೆ ಹೋಗಿ ಬರುವವನಿಗೆ ಅದಕ್ಕಾಗಿ ತಿಂಗಳ ಸಂಬಳ ಸುರಿ ಎನ್ನುವುದು ಅನ್ಯಾಯ.

ಮೂರನೆಯ ವಾದ ಸುರಕ್ಷತೆಯದು. ಹಳೇ ಭಾಗಗಳು ಅಪಾಯ, ಆದ್ದರಿಂದ ಬದಲಿಸಿ ಎನ್ನುತ್ತಾರೆ. ನನ್ನ ತಕರಾರು ಅತ್ಯಂತ ಗಟ್ಟಿಯಾಗಿರುವುದು ಇಲ್ಲೇ. ಅಪ್‌ಗ್ರೇಡ್ ಹೆಸರಲ್ಲಿ ಜನ ಬದಲಿಸುವುದು ಯಾವುದನ್ನು? ಗೇರಿನ ಸನ್ನೆ, ಚೈನನ್ನು ಬಿಲ್ಲೆಯಿಂದ ಬಿಲ್ಲೆಗೆ ಸರಿಸುವ ಡಿರೇಲರ್, ಬಿಲ್ಲೆಗಳ ಗೊಂಚಲಾದ ಕ್ಯಾಸೆಟ್, ಕ್ರ್ಯಾಂಕು. ಇವು ಕೈಕೊಟ್ಟರೆ ಒಂದೇ ಗೇರಿನಲ್ಲಿ ಮನೆ ಸೇರಬೇಕಾದೀತು, ಇಲ್ಲವೇ ತಳ್ಳಿಕೊಂಡು ನಡೆಯಬೇಕಾದೀತು. ಅದಕ್ಕಿಂತ ಹೆಚ್ಚೇನೂ ಸಾಮಾನ್ಯವಾಗಿ ಆಗುವುದಿಲ್ಲ. ಇನ್ನೊಂದು ಪಟ್ಟಿ ನೋಡಿ: ಟೈರು, ಬ್ರೇಕ್ ರಬ್ಬರು, ಬ್ರೇಕ್ ಕೇಬಲ್ಲು, ರಿಮ್ಮಿನ ಅಂಚು, ಹ್ಯಾಂಡಲ್ ಬಾರು, ಅದನ್ನು ಹಿಡಿದ ಸ್ಟೆಮ್ಮು, ಮುಂದಿನ ಫೋರ್ಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಸವಾರ ನೆಲಕ್ಕೆ ಬೀಳಬಹುದು. ಕನಕಪುರದಿಂದ ಸಂಗಮಕ್ಕೆ ಇಳಿಯುವ ಘಟ್ಟದ ತಿರುವಿನಲ್ಲಿ ಕೇಬಲ್ ತುಂಡಾದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಹೀಗಿದ್ದೂ ಹಣವೆಲ್ಲ ಮೊದಲ ಪಟ್ಟಿಗೆ ಹೋಗುತ್ತದೆ. ಮಿರಿಮಿರಿ ಮಿಂಚುವ ಹೊಸ ಡಿರೇಲರ್ ಹಾಕಿಸಿಕೊಂಡು, ಪಕ್ಕೆಯಲ್ಲಿ ಬಿರುಕು ಬಿಟ್ಟ ಟೈರಿನ ಮೇಲೆ, ಕಲ್ಲಿನಂತೆ ಗಟ್ಟಿಯಾದ ಬ್ರೇಕ್ ರಬ್ಬರಿನ ಮೇಲೆ ಇಳಿಜಾರು ಇಳಿಯುವವರನ್ನು ಈ ರಸ್ತೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಸುರಕ್ಷತೆಯ ಹೆಸರಲ್ಲಿ ಕೊಡುವ ಉಪದೇಶ ಸುರಕ್ಷತೆಗೆ ಇಟ್ಟ ಹಣವನ್ನೇ ತಿಂದುಹಾಕುತ್ತಿದೆ.

ಡಿಸ್ಕ್ ಬ್ರೇಕ್ ಇಲ್ಲದ ಸೈಕಲ್ಲನ್ನು ಮುಟ್ಟಲೇಬಾರದು ಎನ್ನುವವರೂ ಇದ್ದಾರೆ. ಮಳೆಯಲ್ಲಿ ಡಿಸ್ಕ್ ಬ್ರೇಕ್ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ 2019ರಲ್ಲಿ ಎಗಾನ್ ಬೆರ್ನಾಲ್ ಟೂರ್ ಡಿ ಫ್ರಾನ್ಸ್ ಗೆದ್ದದ್ದು ರಿಮ್ ಬ್ರೇಕಿನ ಸೈಕಲ್ಲಿನ ಮೇಲೆ. ಆಲ್ಪ್ಸ್ ಪರ್ವತದ ಇಳಿಜಾರುಗಳಿಗೆ ಸಾಕಾದ ಬ್ರೇಕು ಮಂಚನಬೆಲೆಯ ಇಳಿಜಾರಿಗೆ ಸಾಲದೆ? ಹೊಸ ರಬ್ಬರು, ಹೊಸ ಕೇಬಲ್ಲು, ಸವೆಯದ ರಿಮ್ಮು ಇದ್ದರೆ ಸಾಕು. ಇನ್ನು ರಿಮ್ ಬ್ರೇಕಿನ ಫ್ರೇಮಿಗೆ ಡಿಸ್ಕ್ ಹಾಕಿಸುತ್ತೇನೆಂದು ಹೊರಟರೆ ಕ್ಯಾಲಿಪರ್ ಕೂರಿಸಲು ಫ್ರೇಮಿನಲ್ಲಿ, ಫೋರ್ಕಿನಲ್ಲಿ ಜಾಗವೇ ಇರುವುದಿಲ್ಲ. ಅದನ್ನು ಅಪ್‌ಗ್ರೇಡ್ ಎಂದು ಕರೆಯುವುದು ಬೇರೊಂದು ಸೈಕಲ್ ಕೊಳ್ಳಿ ಎಂದು ಸುತ್ತಿಬಳಸಿ ಹೇಳಿದ ಹಾಗೆ.

ಕೊಳ್ಳುವವನಿಗೆ ಯಾರೂ ಮುಂಚೆ ಹೇಳದ ಇನ್ನೊಂದು ಸಂಗತಿಯಿದೆ. ಈ ಸೈಕಲ್ಲುಗಳಲ್ಲಿ ಒಂದನ್ನು ಬದಲಿಸಿದರೆ ಇನ್ನೊಂದನ್ನು ಬದಲಿಸಲೇಬೇಕಾಗುತ್ತದೆ. 7 ಬಿಲ್ಲೆಯ ಕಾಲದ ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಸಂದು 126 ಮಿಲಿಮೀಟರ್. 8ರಿಂದ 11 ಬಿಲ್ಲೆಯವರೆಗಿನ ರಿಮ್ ಬ್ರೇಕ್ ಚಕ್ರಗಳಿಗೆ 130 ಬೇಕು. ಉಕ್ಕಿನ ಫ್ರೇಮಾದರೆ ತಿಳಿದವರು ಹುಷಾರಾಗಿ ಅಗಲಿಸಬಹುದು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮುಗಳ ಮೇಲೆ ಆ ಪ್ರಯೋಗ ಮಾಡಲೇಬಾರದು. 10 ಬಿಲ್ಲೆಯ ರೋಡ್ ಚಕ್ರದ ಹಬ್ಬಿಗೆ 11 ಬಿಲ್ಲೆಯ ರೋಡ್ ಕ್ಯಾಸೆಟ್ ಕೂರುವುದಿಲ್ಲ, ಅದು ಎರಡು ಮಿಲಿಮೀಟರಿನಷ್ಟು ಹೆಚ್ಚು ಅಗಲ. ಹೀಗಾಗಿ ಕ್ಯಾಸೆಟ್ ಬದಲಿಸಲು ಹೋದವನು ಚಕ್ರ ಬದಲಿಸುತ್ತಾನೆ, ಆಮೇಲೆ ಚೈನು, ಎರಡೂ ಡಿರೇಲರ್, ಎರಡೂ ಲಿವರು. ಹೊಸ ಲಿವರು ಕೇಬಲ್ ಎಳೆಯುವ ಅಳತೆ ಬೇರೆಯಾದ್ದರಿಂದ ಬ್ರೇಕಿನ ಕ್ಯಾಲಿಪರು ಕೂಡ. ಕ್ರ್ಯಾಂಕು ಬದಲಾದರೆ ಅದರ ಬೇರಿಂಗು. ಕೊನೆಗೆ ಹಳೇ ಸೈಕಲ್ಲಿನಲ್ಲಿ ಉಳಿಯುವುದು ಫ್ರೇಮು, ಸೀಟು. ಇಷ್ಟೆಲ್ಲ ಹಾಕಿದ ಹಣ ಮುಂದೆ ಮಾರುವಾಗ ಬರುವುದೂ ಇಲ್ಲ. ಕೊಳ್ಳುವವನು ಫ್ರೇಮಿನ ವಯಸ್ಸು ನೋಡಿ ಬೆಲೆ ಕಟ್ಟುತ್ತಾನೆ.

ಹಾಗಾದರೆ ಏನನ್ನೂ ಬದಲಿಸಬಾರದೆ? ಖಂಡಿತ ಬದಲಿಸಬೇಕು. ಆದರೆ ಅಳೆದು ನೋಡಿ ಬದಲಿಸಬೇಕು. ಚೈನಿನ ವಿಷಯವನ್ನೇ ತೆಗೆದುಕೊಳ್ಳಿ. ಅದರ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸರಿಯಾಗಿ ಅರ್ಧ ಇಂಚು. ಮಕ್ಕಳ ಉಕ್ಕಿನ ಸ್ಕೇಲು ಸಾಕು. ಸೊನ್ನೆಯ ಗೆರೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಇಟ್ಟು ಚೈನನ್ನು ಬಿಗಿಯಾಗಿ ಹಿಡಿದರೆ, ಅಲ್ಲಿಂದ ಮುಂದಿನ 24ನೆಯ ಪಿನ್ನಿನ ನಡುಮಧ್ಯ 12 ಇಂಚಿನ ಗೆರೆಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗದಷ್ಟು ದಾಟಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗ ದಾಟಿದ್ದರೆ ಆ ಚೈನು ಕ್ಯಾಸೆಟ್ಟಿನ ಹಲ್ಲನ್ನೂ ತಿಂದಿರುವ ಸಾಧ್ಯತೆ ಹೆಚ್ಚು, ಎರಡನ್ನೂ ಒಟ್ಟಿಗೆ ಬದಲಿಸಿ. ಗೆರೆಗೆ ಸರಿಯಾಗಿ ಕೂತರೆ ಆ ಚೈನು ಯಾವ ವರ್ಷದ್ದಾದರೂ ಸರಿ, ಇರಲಿ ಬಿಡಿ.

ರಿಮ್ಮನ್ನೂ ಹೀಗೆಯೇ ನೋಡಬೇಕು. ಬ್ರೇಕ್ ಉಜ್ಜುವ ಪಟ್ಟಿಯ ಮೇಲೆ ಉಗುರು ಎಳೆಯಿರಿ. ಅದು ಮಟ್ಟಸವಾಗಿದ್ದರೆ ಸರಿ. ತಗ್ಗಾಗಿ ಒಳಕ್ಕೆ ಬಾಗಿದ್ದರೆ, ಸವಕಳಿ ತೋರಿಸುವ ಗೀರು ಅಳಿಸಿಹೋಗಿದ್ದರೆ ಆ ರಿಮ್ಮನ್ನು ನಂಬಬೇಡಿ. ಗಾಳಿಯ ಒತ್ತಡಕ್ಕೇ ಅದು ಸೀಳಬಹುದು. ಲಿವರಿನೊಳಗೆ ಕೇಬಲ್ಲಿನ ತಲೆ ಕೂರುವ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿ. ಎಳೆಯೊಂದು ಬಿಟ್ಟಿದ್ದರೂ ಕೇಬಲ್ ಬದಲಿಸಿ. ಹ್ಯಾಂಡಲ್ಲಿನ ಟೇಪು ಬಿಚ್ಚಿಸಿ ನೋಡಿ. ವರ್ಷಗಟ್ಟಲೆ ಬೆವರು ಕುಡಿದ ಅಲ್ಯೂಮಿನಿಯಂ ಟೇಪಿನಡಿಯಲ್ಲಿ ಬಿಳಿ ಪುಡಿಯಾಗಿ ಕೊರೆದುಹೋಗಿರಬಹುದು, ಮೇಲಿಂದ ಏನೂ ಕಾಣುವುದಿಲ್ಲ. ಸೀಟಿನ ಕಂಬ ಮೇಲೆ ಕೆಳಗೆ ಆಡುತ್ತದೆಯೇ ನೋಡಿ. ಫ್ರೇಮಿಗೆ ಕಚ್ಚಿಕೊಂಡಿದ್ದರೆ ಆ ಸೈಕಲ್ ಬೇಡ. ಕಾರ್ಬನ್ ಫೋರ್ಕಿನಲ್ಲಿ ಬಿರುಕಿನ ಅನುಮಾನ ಬಂದರಂತೂ ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ. ಬೇಕಾದ ಹೊಸ ಟೈರು, ಟ್ಯೂಬು, ಕೇಬಲ್ಲು, ರಬ್ಬರು, ಚೈನು, ಟೇಪು ಎಲ್ಲ ಸೇರಿದರೂ ಖರ್ಚು ಗ್ರೂಪ್‌ಸೆಟ್ಟಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಅಷ್ಟಾದ ಮೇಲೆ ಆ ಸೈಕಲ್ ನಂಬಿಕೆಗೆ ತಕ್ಕದ್ದಾಗುತ್ತದೆ.

ಊರಿಗೆ ಹೊಂದುವಂತೆ ಮಾಡಿಸಬೇಕಾದ ಬದಲಾವಣೆಗಳೂ ಇವೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಸೈಕಲ್ ಹೋಗುವಂತಿಲ್ಲ. ನಮ್ಮ ಪಾಲಿಗೆ ಉಳಿದಿರುವುದು ಸರ್ವೀಸ್ ರಸ್ತೆ, ಊರೊಳಗಿನ ಹಳೇ ರಸ್ತೆ, ಬಣ್ಣ ಬಳಿಯದ ಹಂಪು, ಅಗೆದು ಅರ್ಧ ಮುಚ್ಚಿದ ಗುಂಡಿ. 23 ಮಿಲಿಮೀಟರಿನ ಟೈರನ್ನು ಕಲ್ಲಾಗುವಷ್ಟು ಗಾಳಿ ತುಂಬಿ ಇಲ್ಲಿ ಓಡಿಸುವುದು ಬೆನ್ನಿಗೂ ರಿಮ್ಮಿಗೂ ಶಿಕ್ಷೆ. ಬ್ರೇಕಿನ ಸಂದಿನಲ್ಲಿ ಹಿಡಿಸುವುದಾದರೆ 25ರದ್ದೋ 28ರದ್ದೋ ಹಾಕಿಸಿ. ಹಳೇ ರೇಸ್ ಸೈಕಲ್ಲುಗಳ ಗೇರು ಕೂಡ ಇಲ್ಲಿನ ಏರುಗಳಿಗೆ ಬಿಗಿ. ಮುಂದೆ 39 ಹಲ್ಲು, ಹಿಂದೆ 25 ಹಲ್ಲಿದ್ದರೆ ಮಂಡಿಗೆ ಪೆಟ್ಟು. ಅಂಥಲ್ಲಿ ಡಿರೇಲರ್ ತಾಳುವಷ್ಟು ದೊಡ್ಡ ಕ್ಯಾಸೆಟ್ ಹಾಕಿಸುವುದು ವಿವೇಕ. ಇವು ಸವಾರನ ಮೈಗೆ, ರಸ್ತೆಯ ಗುಣಕ್ಕೆ ಬೇಕಾಗಿ ಮಾಡುವ ಬದಲಾವಣೆಗಳು. ಇಸವಿ ನೋಡಿ ಮಾಡುವುದು ಹಾಗಲ್ಲ.

ಹಳೇ ಭಾಗಗಳಿಗೆ ಬಿಡಿಭಾಗ ಸಿಗುವುದಿಲ್ಲ ಎನ್ನುವ ವಾದ ಹೊರನೋಟಕ್ಕೆ ಗಟ್ಟಿ. ಬೆಂಗಳೂರಿನ ದೊಡ್ಡ ಮಳಿಗೆಯಲ್ಲಿ ನಿಂತು ನೋಡಿದರೆ ಅದು ನಿಜವೂ ಇರಬಹುದು. ಚನ್ನಪಟ್ಟಣದ ಬೀದಿಯಲ್ಲಿ ನಿಂತು ನೋಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ. 2006-07ರಲ್ಲಿ, ರಾಮನಗರದ ಶಾಸಕ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಕೋವಿಡ್ ಬಂದು ನಿಲ್ಲುವವರೆಗೆ ವರ್ಷ ವರ್ಷ ಬಂದ ಆ ಸೈಕಲ್ಲುಗಳು ಹೋಬಳಿ ಊರುಗಳ ಸೈಕಲ್ ಶಾಪುಗಳಿಗೂ ಕೆಲಸ ಕೊಟ್ಟವು. ರಿಮ್ಮಿನ ಬೆಂಡ್ ತೆಗೆಯುವುದು, ಕಡ್ಡಿ ಬಿಗಿಯುವುದು, ಹಬ್ ಬಿಚ್ಚಿ ಗುಂಡು ಬದಲಿಸಿ ಗ್ರೀಸ್ ತುಂಬಿ ಕೋನ್ ಹೊಂದಿಸುವುದು, ಫ್ರೀವೀಲ್ ಕಳಚುವುದು ಆ ಕೈಗಳಿಗೆ ನಿತ್ಯದ ಕೆಲಸ. ಹಳೇ ಶಿಮಾನೊ ಹಬ್ಬುಗಳೂ ಒಳಗೆ ಇದೇ ಕಪ್ಪು, ಕೋನು, ಬಿಡಿ ಗುಂಡುಗಳ ಏರ್ಪಾಡು. ಸಾಮಾನ್ಯವಾಗಿ ಹಿಂದಿನದಕ್ಕೆ ಕಾಲು ಇಂಚಿನ ಗುಂಡು, ಮುಂದಿನದಕ್ಕೆ 3/16 ಇಂಚಿನದು. ಆ ಗುಂಡುಗಳು ಈ ಶಾಪುಗಳ ಡಬ್ಬಿಯಲ್ಲಿ ಇವತ್ತೂ ಇವೆ. ಗೇರು ಕೂರುತ್ತಿಲ್ಲ ಎಂದು ಹೋದವನಿಗೆ "ಏನೂ ಆಗಿಲ್ಲ ಸಾರ್, ಕೇಬಲ್ಲು ತುಕ್ಕು ಹಿಡಿದೈತೆ ಅಷ್ಟೆ" ಎಂದು ಹೇಳಿ ಹೊಸ ಕೇಬಲ್ ಎಳೆದುಕೊಡುವವರು ಇಲ್ಲಿದ್ದಾರೆ. ಹೈಡ್ರಾಲಿಕ್ ಬ್ರೇಕಿನ ಎಣ್ಣೆ ಬದಲಿಸಿ ಗಾಳಿಗುಳ್ಳೆ ತೆಗೆಯಲು, ಬ್ಯಾಟರಿಯ ಗೇರು ಕೆಟ್ಟರೆ ಸರಿಪಡಿಸಲು ಸೈಕಲ್ಲನ್ನು ಬಸ್ಸಿಗೋ ಕಾರಿಗೋ ಹೇರಿಕೊಂಡು ಬೆಂಗಳೂರಿಗೆ ಹೋಗಬೇಕು. ಹೊಸದು ಹಾಕಿಸಿದವನೇ ಇಲ್ಲಿ ದಿಕ್ಕಿಲ್ಲದವನಾಗುತ್ತಾನೆ.

ನಮ್ಮ ರಸ್ತೆಗಳೂ ಹಳತರ ಪರವೇ. ಸುಗ್ಗಿಯ ದಿನಗಳಲ್ಲಿ ಕನಕಪುರ, ಮಾಗಡಿ ಕಡೆಯ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡುತ್ತಾರೆ. ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಒಕ್ಕಣೆ ಆಗಲೆಂದು. ಹುರುಳಿಯ ಬಳ್ಳಿ ಕ್ಯಾಸೆಟ್ಟಿಗೂ ಡಿರೇಲರಿನ ಪುಟ್ಟ ಚಕ್ರಗಳಿಗೂ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ತುಳಿಯುವುದನ್ನು ತಕ್ಷಣ ನಿಲ್ಲಿಸದಿದ್ದರೆ ಡಿರೇಲರ್ ಬಾಗುತ್ತದೆ, ಒಮ್ಮೊಮ್ಮೆ ಮುರಿದೇ ಹೋಗುತ್ತದೆ. ಎಂಟು ಬಿಲ್ಲೆಯ ಸಾಧಾರಣ ಡಿರೇಲರ್ ಆದರೆ ಒಂದೆರಡು ಸಾವಿರದ ಮಾತು, ಬಾಗಿದ್ದನ್ನು ನೆಟ್ಟಗೆ ಮಾಡಿಕೊಂಡು ಮನೆ ಸೇರಬಹುದು. ಹನ್ನೆರಡು ಬಿಲ್ಲೆಯಲ್ಲಿ ಬಿಲ್ಲೆಗಳ ನಡುವಿನ ಸಂದು ಕಿರಿದು, ಕೂದಲೆಳೆಯಷ್ಟು ಬಾಗಿದರೂ ಗೇರು ತಪ್ಪುತ್ತದೆ. ನಮ್ಮ ಹೊಲ, ನಮ್ಮ ರಸ್ತೆ, ನಮ್ಮ ಒಕ್ಕಣೆ ಬದಲಾಗುವುದಿಲ್ಲ, ಬದಲಾಗಲೂಬೇಕಿಲ್ಲ. ಅದಕ್ಕೆ ತಾಳುವ ಸೈಕಲ್ಲೇ ಇಲ್ಲಿಗೆ ಒಳ್ಳೆಯ ಸೈಕಲ್.

ಎದುರು ವಾದದಲ್ಲಿ ಒಪ್ಪಬೇಕಾದ ಅಂಶ ಒಂದಿದೆ. ಹಳೇ ಲಿವರಿನೊಳಗಿನ ಗೇರು ಕೆಲವೊಮ್ಮೆ ಸತ್ತಂತೆ ಆಡುತ್ತದೆ, ಒತ್ತಿದರೂ ಹಿಡಿಯುವುದಿಲ್ಲ. ಇದನ್ನು ನೋಡಿಯೇ ಬಹಳ ಜನ ಇಡೀ ಗ್ರೂಪ್‌ಸೆಟ್ ಬಿಸಾಡುತ್ತಾರೆ. ಎಷ್ಟೋ ಸಲ ಕಾರಣ ಒಳಗಿನ ಗ್ರೀಸ್ ಒಣಗಿ ಅಂಟಾಗಿರುವುದು. ಜಿಡ್ಡು ತೆಗೆಯುವ ದ್ರವ ಬಿಟ್ಟು, ಮತ್ತೆ ಮತ್ತೆ ಒತ್ತಿ, ತೆಳುವಾದ ಎಣ್ಣೆ ಹಾಕಿದರೆ ಜೀವ ಬರುತ್ತದೆ. ನಿಜಕ್ಕೂ ಮುರಿದಿದ್ದರೆ ಅದೇ ಬಿಲ್ಲೆಯ ಲೆಕ್ಕಕ್ಕೆ ಹೊಂದುವ ಲಿವರು ತನ್ನಿ. ಸಿಗದಿದ್ದರೆ ಫ್ರೇಮಿನ ಕೆಳಕೊಳವೆಗೆ ಕೂರುವ ಹಳೇ ಮಾದರಿಯ ಸನ್ನೆ ಹಾಕಿಸಿ. ಒಂದು ಲಿವರ್ ಹೋಯಿತೆಂದು ಹತ್ತು ಭಾಗ ಬದಲಿಸುವುದಕ್ಕೆ ಸಮರ್ಥನೆಯೇ ಇಲ್ಲ. ಚನ್ನಪಟ್ಟಣದಲ್ಲಿ ಹಾಲೆಮರದ ಬೊಂಬೆ ಕಡೆಯುವವರನ್ನು ನೋಡಿ. ಉಳಿ ಮೊಂಡಾದರೆ ಸಾಣೆ ಹಿಡಿಯುತ್ತಾರೆ, ಬೆಲ್ಟು ಸವೆದರೆ ಬೆಲ್ಟು ಬದಲಿಸುತ್ತಾರೆ. ಲೇತು ಹಳತಾಯಿತೆಂದು ಯಾರೂ ಅದನ್ನು ಬೀದಿಗೆ ಎಸೆಯುವುದಿಲ್ಲ. ಕೆಲಸ ತಿಳಿದವರು ಉಪಕರಣವನ್ನು ನೋಡುವ ರೀತಿಯೇ ಅದು.

ಈ ಉಪದೇಶದಿಂದ ಲಾಭ ಯಾರಿಗೆ ಎಂಬುದೂ ಸ್ಪಷ್ಟ. ಸ್ಕೇಲು ಹಿಡಿದು ಚೈನು ಅಳೆದರೆ ಮಳಿಗೆಗೆ ದೊಡ್ಡ ವ್ಯಾಪಾರವಿಲ್ಲ, ಗ್ರೂಪ್‌ಸೆಟ್ ಮಾರಿದರೆ ಇದೆ. ಅವರವರ ಹೊಟ್ಟೆಪಾಡು ಅವರದು. ಮಾರುವವನು ಮಾರಲು ನೋಡುವುದು ಸಹಜ. ನನಗೆ ಸಿಟ್ಟು ಬರುವುದು ಅನುಭವಿ ಸವಾರರ ಮೇಲೆ. ದಾರಿ ತೋರಿಸಬೇಕಾದವರು ಅವರು. ಹೊಸಬನೊಬ್ಬ ಕಷ್ಟಪಟ್ಟು ಕೊಂಡ ಸೈಕಲ್ಲನ್ನು ಹೆಮ್ಮೆಯಿಂದ ತೋರಿಸುವಾಗ ಅವರ ಮೊದಲ ಮಾತು ಅದರ ಇಸವಿಯ ಬಗ್ಗೆ ಇರುತ್ತದೆ. ಟೈರು ಒತ್ತಿ ನೋಡುವುದಿಲ್ಲ, ಬ್ರೇಕು ಹಿಡಿದು ನೋಡುವುದಿಲ್ಲ. ಅವನ ಸಂತೋಷ ಅಲ್ಲೇ ಇಳಿದುಹೋಗುತ್ತದೆ, ಅವನಿಗೆ ಬೇಕಾಗಿದ್ದ ಎಚ್ಚರಿಕೆಯೂ ಸಿಗುವುದಿಲ್ಲ. ಹೀಗೆ ಮಾಡಿ ಎಷ್ಟು ಜನರನ್ನು ಸೈಕಲ್ಲಿನಿಂದ ದೂರ ಅಟ್ಟಿದ್ದೇವೆ ಎಂದು ನಾವು ಯೋಚಿಸಬೇಕು.

ಮಾರುವವರು ಸೈಕಲ್ಲಿನ ಇಸವಿಯ ಜೊತೆಗೆ ಚೈನಿನ ಸವಕಳಿ, ರಿಮ್ಮಿನ ಸ್ಥಿತಿ, ಬಿದ್ದ ಚರಿತ್ರೆ ಇದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಮಳಿಗೆಯವರು ಭಾಗವೊಂದನ್ನು ಬದಲಿಸಿ ಎನ್ನುವ ಮೊದಲು ಅದು ಎಷ್ಟು ಸವೆದಿದೆ ಎಂದು ಅಳೆದು ತೋರಿಸಬೇಕು. ಸವಾರರ ಗುಂಪುಗಳು ಹೊಸಬರ ಸೈಕಲ್ಲನ್ನು ಟೈರು, ಬ್ರೇಕು, ಹ್ಯಾಂಡಲ್ಲು, ಫೋರ್ಕು ಎಂಬ ಕ್ರಮದಲ್ಲಿ ನೋಡಿಕೊಡಬೇಕು, ಗೇರಿನ ಬಿಲ್ಲೆ ಎಣಿಸುವುದನ್ನು ಬಿಡಬೇಕು. ಕೊಳ್ಳುವವರಿಗೆ ನನ್ನದು ಒಂದೇ ಮಾತು: ನಿಮ್ಮ ಹತ್ತಿರ ಇರುವ ಹಣದಲ್ಲಿ ಮೊದಲ ರೂಪಾಯಿ ನಿಮ್ಮನ್ನು ನಿಲ್ಲಿಸುವ ಭಾಗಗಳಿಗೆ, ಎರಡನೆಯದು ನಿಮ್ಮನ್ನು ಹೊರುವ ಭಾಗಗಳಿಗೆ ಹೋಗಲಿ. ಅಲ್ಲಿಗೆ ಹಣ ಮುಗಿದರೆ ಮುಗಿಯಲಿ. ಎಂಟು ಗೇರು ಸಾಕು, ಹೊರಡಿ.